ಯಾವ ಗೇಮ್ ಯಾವಾಗ, ಎಷ್ಟಕ್ಕೆ? ಪೆನ್ಸಿಲ್ ಹಿಡಿದು ಲೆಕ್ಕ ಹಾಕುವ ಬಗೆ

ನಮ್ಮ ಮನೆಯ ಫ್ರಿಜ್ ಮೇಲೆ ನೂರು ಪುಟದ ಒಂದು ನೋಟ್‌ಬುಕ್ ಇದೆ. ಹಾಲಿನ ಲೆಕ್ಕಕ್ಕೆಂದು ತಂದದ್ದು. ಈಗ ಹಿಂದಿನ ಪುಟಗಳಿಂದ ಗೇಮ್‌ಗಳ ಲೆಕ್ಕ ಬೆಳೆಯುತ್ತಾ ಬರುತ್ತಿದೆ. ಅದಕ್ಕೆ ದಾರ ಕಟ್ಟಿ ಒಂದು ಪೆನ್ಸಿಲ್, ಒಂದು ಪೆನ್ನು ಇಟ್ಟಿದ್ದೇನೆ. ನಿಂಟೆಂಡೊ ಕಂಪನಿಯ ಆಟದ ಯಂತ್ರ (ಕನ್ಸೋಲ್) ‘ಸ್ವಿಚ್’ಗೆ ಬರಲಿರುವ ಯಾವುದೇ ಗೇಮ್ ಮೊದಲು ಪೆನ್ಸಿಲಿನಲ್ಲಿ ಪುಟ ಸೇರುತ್ತದೆ. ಪೆನ್ನಿಗೆ ಬಡ್ತಿ ಸಿಗುವವರೆಗೆ ಅದರ ಹೆಸರಿನಲ್ಲಿ ಒಂದು ರೂಪಾಯಿಯನ್ನೂ ಎತ್ತಿಡುವುದಿಲ್ಲ.

ಈ ಶಿಸ್ತು ಪೆಟ್ಟು ತಿಂದು ಕಲಿತದ್ದು. 2018ರಲ್ಲಿ ‘ಮೆಟ್ರಾಯ್ಡ್ ಪ್ರೈಮ್ 4’ಕ್ಕೆಂದು ಅಂಗಡಿಯೊಂದರಲ್ಲಿ ಎರಡು ಸಾವಿರ ರೂಪಾಯಿ ಮುಂಗಡ ಕೊಟ್ಟೆ. ಅವರ ಕಂಪ್ಯೂಟರಿನಲ್ಲಿ ಡಿಸೆಂಬರ್ 31 ಎಂಬ ದಿನಾಂಕ ಅಚ್ಚುಕಟ್ಟಾಗಿ ಕಾಣುತ್ತಿತ್ತು. 2019ರ ಜನವರಿಯಲ್ಲಿ ನಿಂಟೆಂಡೊ, ಈವರೆಗಿನ ಕೆಲಸ ತೃಪ್ತಿ ಕೊಟ್ಟಿಲ್ಲ, ರೆಟ್ರೊ ಸ್ಟುಡಿಯೋಸ್ ಎಂಬ ಗೇಮ್ ತಯಾರಕರ ಜೊತೆ ಮೊದಲಿನಿಂದ ಶುರು ಮಾಡುತ್ತೇವೆ ಎಂದಿತು. ಗೇಮ್ ಬಂದದ್ದು 2025ರ ಡಿಸೆಂಬರ್ 4ರಂದು. ಅಷ್ಟರಲ್ಲಿ ರಸೀದಿಯ ಅಕ್ಷರಗಳು ಮಾಸಿ ಬರಿಯ ಕಾಗದ ಉಳಿದಿತ್ತು, ಅಂಗಡಿಯ ಜಾಗದಲ್ಲಿ ಕಬ್ಬಿನ ಹಾಲು ಮಾರುತ್ತಿದ್ದರು.

ಮೊದಲ ಹೆಜ್ಜೆ: ದಿನಾಂಕವನ್ನು ಅನುಮಾನಿಸಿ

ಆನ್‌ಲೈನ್ ಅಂಗಡಿಗಳ ತಂತ್ರಾಂಶ ದಿನಾಂಕದ ಜಾಗವನ್ನು ಖಾಲಿ ಬಿಡಲು ಒಪ್ಪುವುದಿಲ್ಲ. ಹಾಗಾಗಿ ಗೊತ್ತಿಲ್ಲದ ಗೇಮ್‌ಗೆ ವರ್ಷದ ಕೊನೆಯ ದಿನವನ್ನೋ ತ್ರೈಮಾಸಿಕದ ಕೊನೆಯ ದಿನವನ್ನೋ ತುಂಬಿಬಿಡುತ್ತಾರೆ. ಡಿಸೆಂಬರ್ 31, ಜೂನ್ 30, ಮಾರ್ಚ್ 31 ಕಂಡರೆ ಅದು ದಿನಾಂಕವಲ್ಲ, ಜಾಗ ಹಿಡಿಯಲು ನೆಟ್ಟ ಗೂಟ. ಬೆಲೆಯ ಜಾಗದಲ್ಲೂ ಹೀಗೆಯೇ ಒಂದು ದುಂಡಗಿನ ಸಂಖ್ಯೆ ಕುಳಿತಿರುತ್ತದೆ.

ದೊಡ್ಡ ಗೇಮ್‌ಗಳು ಸಾಮಾನ್ಯವಾಗಿ ಗುರುವಾರ ಅಥವಾ ಶುಕ್ರವಾರ ಬರುತ್ತವೆ. ಸ್ವಿಚ್ 2 ಕನ್ಸೋಲ್ ಬಂದ 2025ರ ಜೂನ್ 5 ಗುರುವಾರ. ‘ಡಾಂಕಿ ಕಾಂಗ್ ಬನಾನ್ಜಾ’ ಬಂದ ಜುಲೈ 17, ‘ಪೋಕೆಮಾನ್ ಲೆಜೆಂಡ್ಸ್: ಝಡ್-ಎ’ ಬಂದ ಅಕ್ಟೋಬರ್ 16 ಎರಡೂ ಗುರುವಾರವೇ. ಯಾರಾದರೂ ‘ಸೋರಿಕೆಯಾದ ದಿನಾಂಕ’ ಎಂದು ಕಳುಹಿಸಿದರೆ ಕ್ಯಾಲೆಂಡರ್ ತೆಗೆದು ವಾರ ನೋಡಿ. ಭಾನುವಾರ ಬಿದ್ದರೆ ಅಲ್ಲಿಗೇ ಬಿಟ್ಟುಬಿಡಿ.

‘ವಸಂತದಲ್ಲಿ ಬಿಡುಗಡೆ’ ಎಂಬ ಮಾತಿಗೂ ಒಂದು ಎಚ್ಚರಿಕೆ. ನಮಗೆ ವಸಂತ ಎಂದರೆ ಯುಗಾದಿ, ಬೇವು-ಬೆಲ್ಲ. ಅಮೆರಿಕದ ಪ್ರಕಟಣೆಯಲ್ಲಿ ಅದು ಮಾರ್ಚ್‌ನಿಂದ ಜೂನ್‌ವರೆಗೆ ಎಲ್ಲಿ ಬೇಕಾದರೂ ಆಗಬಹುದು. ಗೇಮ್ ತಯಾರಿಸುವವರು ಆಸ್ಟ್ರೇಲಿಯಾದವರಾಗಿದ್ದರೆ ಅವರ ಊರಿನ ವಸಂತ ಶುರುವಾಗುವುದೇ ಸೆಪ್ಟೆಂಬರಿನಲ್ಲಿ. ಋತುವಿನ ಹೆಸರು ಇರುವಷ್ಟು ಕಾಲ ಪೆನ್ಸಿಲ್ಲೇ.

ಎರಡನೆಯದು: ಪ್ರಕಟಣೆಯಲ್ಲಿ ಏನು ತೋರಿಸಿದರು?

ಮೆಟ್ರಾಯ್ಡ್‌ನ ಮೊದಲ ಪ್ರಕಟಣೆಯಲ್ಲಿ, 2017ರ ಜೂನ್‌ನಲ್ಲಿ, ತೋರಿಸಿದ್ದು ಹೆಸರಿನ ಅಕ್ಷರಗಳನ್ನು ಮಾತ್ರ. ಆಟದ ಒಂದು ಕ್ಷಣವೂ ಇರಲಿಲ್ಲ. ನಾನು ಮುಂಗಡ ಕೊಟ್ಟದ್ದು ಆ ಅಕ್ಷರಗಳಿಗೆ! ಈಗ ಟ್ರೇಲರ್ ನೋಡುವಾಗ ಮೂರು ಸಂಗತಿ ಹುಡುಕುತ್ತೇನೆ: ನಿಜವಾಗಿ ಆಡುತ್ತಿರುವ ದೃಶ್ಯ, ದಿನ ಸಮೇತ ದಿನಾಂಕ, ಮೂಲೆಯಲ್ಲಿನ ವಯೋಮಿತಿಯ ಚೌಕ. ಅಮೆರಿಕದಲ್ಲಿ ಗೇಮ್‌ಗಳ ವಯೋಮಿತಿ ಗೊತ್ತುಮಾಡುವ ಮಂಡಳಿಯಾದ ಇಎಸ್‌ಆರ್‌ಬಿಯ ಚೌಕದಲ್ಲಿ ‘ಆರ್‌ಪಿ’ ಎಂದಿದ್ದರೆ ಪರಿಶೀಲನೆ ಬಾಕಿ ಇದೆ ಎಂದರ್ಥ. ಅದೇ ಜಾಗಕ್ಕೆ ‘ಇ’ (ಎಲ್ಲರಿಗೂ) ಅಥವಾ ‘ಟಿ’ (ಹದಿಹರೆಯದವರಿಗೆ) ಬಂದರೆ ಆಟದ ಒಳಗಿನ ಸರಕು ಬಹುಪಾಲು ಸಿದ್ಧವಾಗಿ ಮಂಡಳಿಯ ಮುಂದೆ ಹೋಗಿ ಬಂದಿದೆ. ದಕ್ಷಿಣ ಕೊರಿಯಾ, ಆಸ್ಟ್ರೇಲಿಯಾಗಳ ವರ್ಗೀಕರಣ ಮಂಡಳಿಗಳ ಪಟ್ಟಿ ಸಾರ್ವಜನಿಕವಾಗಿರುವುದರಿಂದ, ಕಂಪನಿ ಬಾಯಿ ಬಿಡುವ ಮೊದಲೇ ಕೆಲವು ಹೆಸರುಗಳು ಅಲ್ಲಿ ಇಣುಕುವುದುಂಟು. ಹೆಸರುಳ್ಳ ವದಂತಿಕೋರನಿಗಿಂತ ಈ ಒಣ ಸರ್ಕಾರಿ ಪಟ್ಟಿ ನನಗೆ ಮೇಲು.

ನಿಂಟೆಂಡೊದ ಸ್ವಂತ ಗೇಮ್‌ಗಳಿಗೆ ಈಚಿನ ವರ್ಷಗಳಲ್ಲಿ ಒಂದು ಲಯವೇ ಕೂಡಿಬಂದಿದೆ. ‘ಸೂಪರ್ ಮಾರಿಯೋ ಬ್ರದರ್ಸ್ ವಂಡರ್’ ಪ್ರಕಟವಾದದ್ದು 2023ರ ಜೂನ್ 21ಕ್ಕೆ, ಬಂದದ್ದು ಅಕ್ಟೋಬರ್ 20ಕ್ಕೆ. ‘ಎಕೋಸ್ ಆಫ್ ವಿಸ್ಡಮ್’ 2024ರ ಜೂನ್ 18ಕ್ಕೆ ಪ್ರಕಟ, ಸೆಪ್ಟೆಂಬರ್ 26ಕ್ಕೆ ಬಿಡುಗಡೆ. ಬನಾನ್ಜಾ ಏಪ್ರಿಲ್ 2ರಿಂದ ಜುಲೈ 17. ದಿನಾಂಕ ಸಮೇತ ಪ್ರಕಟವಾದರೆ ಮೂರು-ನಾಲ್ಕು ತಿಂಗಳು; ಇದು ಹಣ ಕೂಡಿಡಲು ಹೇಳಿ ಮಾಡಿಸಿದ ಅವಧಿ. ತಿಂಗಳಿಗೆ ಎರಡು ಸಾವಿರದಂತೆ ತೆಗೆದಿಟ್ಟರೆ ಹೊಸ ಗೇಮ್‌ನ ಬೆಲೆ ಹತ್ತಿರ ಹತ್ತಿರ ಕೈಯಲ್ಲಿರುತ್ತದೆ.

ಸಣ್ಣ ತಂಡಗಳಿಗೆ ಈ ಲಯ ಅನ್ವಯಿಸುವುದಿಲ್ಲ. ‘ಹಾಲೋ ನೈಟ್: ಸಿಲ್ಕ್‌ಸಾಂಗ್’ ಪ್ರಕಟವಾದದ್ದು 2019ರ ಫೆಬ್ರವರಿಯಲ್ಲಿ. ಆರು ವರ್ಷ ಕಾಯಿಸಿ, 2025ರ ಆಗಸ್ಟ್ 21ರಂದು ‘ಸೆಪ್ಟೆಂಬರ್ 4ಕ್ಕೆ ಬರುತ್ತಿದ್ದೇವೆ’ ಎಂದರು. ಪೆನ್ಸಿಲಿನಿಂದ ಪೆನ್ನಿಗೆ ಎರಡೇ ವಾರ.

ಮೂರನೆಯದು: ಮಾರ್ಚ್ ಎಂಡ್ ಗಮನಿಸಿ

ಜಪಾನಿನ ಬಹುಪಾಲು ಕಂಪನಿಗಳ ಲೆಕ್ಕದ ವರ್ಷ ನಮ್ಮಂತೆಯೇ ಏಪ್ರಿಲ್‌ನಿಂದ ಮಾರ್ಚ್‌ವರೆಗೆ. ಮಾರ್ಚ್ ಕೊನೆಯಲ್ಲಿ ನಮ್ಮ ಕಚೇರಿಗಳಲ್ಲಿ ಬಿಲ್ಲು ಪಾಸು ಮಾಡಿಸಲು ನಡೆಯುವ ಓಡಾಟ ಗೊತ್ತಲ್ಲ. ನಿಂಟೆಂಡೊದ ಮುಖ್ಯ ಕಚೇರಿಯಿರುವ ಕ್ಯೋಟೊದಲ್ಲಿಯೂ ಅಂಥದ್ದೇ ಏನೋ ನಡೆಯುತ್ತದೆ ಎಂದು ನನ್ನ ಗುಮಾನಿ. ಮೊದಲ ಸ್ವಿಚ್ ಬಂದದ್ದು 2017ರ ಮಾರ್ಚ್ 3ಕ್ಕೆ. ‘ಅನಿಮಲ್ ಕ್ರಾಸಿಂಗ್’ 2020ರ ಮಾರ್ಚ್ 20, ‘ಕರ್ಬಿ ಅಂಡ್ ದಿ ಫರ್ಗಾಟನ್ ಲ್ಯಾಂಡ್’ 2022ರ ಮಾರ್ಚ್ 25, ‘ಪ್ರಿನ್ಸೆಸ್ ಪೀಚ್’ 2024ರ ಮಾರ್ಚ್ 22. ಇನ್ನೂ ದಿನಾಂಕ ಹೇಳದ ‘ವರ್ಷಾರಂಭದ’ ಗೇಮ್ ಇದ್ದರೆ ನಾನು ಮಾರ್ಚ್ ಮೂರನೇ ವಾರದ ಎದುರು ಪೆನ್ಸಿಲ್ ಗುರುತು ಹಾಕುತ್ತೇನೆ.

ವರ್ಷಕ್ಕೆ ನಾಲ್ಕು ಬಾರಿ, ಅಂದರೆ ಮೇ, ಆಗಸ್ಟ್, ನವೆಂಬರ್, ಫೆಬ್ರವರಿ ತಿಂಗಳ ಮೊದಲ ಭಾಗದಲ್ಲಿ, ನಿಂಟೆಂಡೊ ಷೇರುದಾರರಿಗಾಗಿ ಫಲಿತಾಂಶ ಪ್ರಕಟಿಸುತ್ತದೆ. ಆ ಕಡತದ ಜೊತೆಗೆ ಬರಲಿರುವ ಗೇಮ್‌ಗಳ ಒಂದು ಕೋಷ್ಟಕ ಇರುತ್ತದೆ. ಬಣ್ಣವಿಲ್ಲ, ಸಂಗೀತವಿಲ್ಲ, ಆದರೆ ಹಣ ಹಾಕಿದವರಿಗೆ ಹೇಳುವ ಮಾತಾದ್ದರಿಂದ ಅಳೆದು ತೂಗಿ ಬರೆದಿರುತ್ತಾರೆ. ಹಿಂದಿನ ತ್ರೈಮಾಸಿಕದ ಕೋಷ್ಟಕವನ್ನು ಪಕ್ಕದಲ್ಲಿಟ್ಟು ಸಾಲು ಸಾಲಾಗಿ ಹೋಲಿಸಿ. ಮೆಟ್ರಾಯ್ಡ್ ಎದುರು ವರ್ಷಗಟ್ಟಲೆ ‘ಟಿಬಿಎ’ (ಮುಂದೆ ತಿಳಿಸಲಾಗುವುದು) ಎಂಬ ಮೂರಕ್ಷರವೇ ಕುಳಿತಿತ್ತು. ಅದು ‘2025’ ಎಂದು ಬದಲಾದ ದಿನ ನಾನು ಆ ಸಾಲಿನ ಪೆನ್ಸಿಲನ್ನು ಸ್ವಲ್ಪ ಒತ್ತಿ ತಿದ್ದಿದೆ, ಅಷ್ಟೆ.

ನಾಲ್ಕನೆಯದು: ಬೆಲೆಯ ಮೆಟ್ಟಿಲು

ಗೇಮ್‌ನ ಬೆಲೆಯನ್ನು ಊಹಿಸುವುದು ದಿನಾಂಕಕ್ಕಿಂತ ಸುಲಭ. ಬೆಲೆಗಳು ಮೆಟ್ಟಿಲುಗಳ ಮೇಲೆ ನಿಲ್ಲುತ್ತವೆ, ನಡುವೆ ತೇಲುವುದಿಲ್ಲ. ಸ್ವಿಚ್‌ನ ಬಹುಕಾಲದ ಮೆಟ್ಟಿಲು 59.99 ಡಾಲರ್. 2023ರ ಮೇನಲ್ಲಿ ‘ಜೆಲ್ಡಾ’ ಸರಣಿಯ ‘ಟಿಯರ್ಸ್ ಆಫ್ ದಿ ಕಿಂಗ್‌ಡಮ್’ 69.99ಕ್ಕೆ ಹತ್ತಿತು. ಸ್ವಿಚ್ 2 ಜೊತೆ ಬಂದ ‘ಮಾರಿಯೋ ಕಾರ್ಟ್ ವರ್ಲ್ಡ್’ 79.99ಕ್ಕೆ ಹೋಯಿತು, ಮರುತಿಂಗಳ ಬನಾನ್ಜಾ ಮತ್ತೆ 69.99. ಸಿಲ್ಕ್‌ಸಾಂಗ್ 19.99. ಹೊಸ ಗೇಮ್ ಪ್ರಕಟವಾದಾಗ ಯಾವ ಮೆಟ್ಟಿಲು ಎಂದಷ್ಟೇ ಕೇಳಿಕೊಳ್ಳಿ. ಮನೆಮಂದಿಯೆಲ್ಲ ವರ್ಷಗಟ್ಟಲೆ ಆಡುವಂಥ ಸರಣಿಗೆ ಮೇಲಿನ ಮೆಟ್ಟಿಲು, ಹಳೆಯದನ್ನು ತಿದ್ದಿ ತಂದದ್ದಕ್ಕೆ ಕೆಳಗಿನದು ಎಂದು ಬರೆದುಕೊಂಡರೆ ಹೆಚ್ಚು ತಪ್ಪುವುದಿಲ್ಲ.

ಹಳೆಯ ಸ್ವಿಚ್‌ನ ಕಾರ್ಟ್ರಿಡ್ಜ್ (ಗೇಮ್ ತುಂಬಿದ ಪುಟ್ಟ ಕಾರ್ಡ್) ನಿಮ್ಮಲ್ಲಿದ್ದರೆ ಅದೇ ಗೇಮ್‌ನ ಸ್ವಿಚ್ 2 ಆವೃತ್ತಿಯನ್ನು ಪೂರ್ತಿ ಬೆಲೆಗೆ ಕೊಳ್ಳಬೇಕಿಲ್ಲ. ಎರಡು ‘ಜೆಲ್ಡಾ’ಗಳ ಸ್ವಿಚ್ 2 ಉನ್ನತೀಕರಣಕ್ಕೆ ತಲಾ 9.99 ಡಾಲರ್, ಹೆಚ್ಚುವರಿ ಆಟ ಸೇರಿಸಿದ ‘ಮಾರಿಯೋ ಪಾರ್ಟಿ ಜಾಂಬೊರಿ’ಗೆ 19.99. ಕೆಲವಕ್ಕೆ ಉಚಿತ.

ಇಳಿಯುತ್ತದೆಯೇ? ಇಲ್ಲಿ ಗೇಮ್ ಯಾರದು ಎಂದು ನೋಡಬೇಕು. ‘ಮಾರಿಯೋ ಕಾರ್ಟ್ 8 ಡೀಲಕ್ಸ್’ 2017ರ ಏಪ್ರಿಲ್‌ನಲ್ಲಿ 59.99ಕ್ಕೆ ಬಂದು ವರ್ಷಗಳ ನಂತರವೂ ಅಲ್ಲಿಯೇ ಕಾಲೂರಿತ್ತು. ನಿಂಟೆಂಡೊ ತನ್ನ ಗೇಮ್‌ಗಳಿಗೆ ರಿಯಾಯಿತಿ ಕೊಟ್ಟರೂ ಮೂರನೇ ಒಂದು ಭಾಗದ ಆಸುಪಾಸು, ಅದೂ ನವೆಂಬರಿನ ಬ್ಲ್ಯಾಕ್ ಫ್ರೈಡೆಯಂಥ ಹೊತ್ತಿನಲ್ಲಿ. ಇಂಥವನ್ನು ಕಾದು ಕುಳಿತರೆ ಮಕ್ಕಳು ಕಾಲೇಜು ಸೇರಿರುತ್ತಾರೆ. ಬೇರೆ ಕಂಪನಿಗಳ ಗೇಮ್‌ಗಳ ಕಥೆ ತಿರುಗುಮುರುಗು. ಅವು ತಿಂಗಳುಗಳಲ್ಲೇ ಇಳಿಯಲು ಶುರು. ಡೆಕು ಡೀಲ್ಸ್‌ನಂಥ ತಾಣದಲ್ಲಿ ಆ ಗೇಮ್‌ನ ಹಳೆಯ ಬೆಲೆಗಳ ಗೆರೆ ಸಿಗುತ್ತದೆ. ಅದೇ ಪ್ರಕಾಶಕರ ಹಿಂದಿನ ಗೇಮ್ ಮೊದಲ ಸಲ ಎಷ್ಟು ತಿಂಗಳಿಗೆ ಇಳಿಯಿತೆಂದು ನೋಡಿ, ಹೊಸದಕ್ಕೂ ಅದನ್ನೇ ಪೆನ್ಸಿಲಿನಲ್ಲಿ ಬರೆಯಿರಿ.

ಕನ್ಸೋಲಿನ ಬೆಲೆ ಮಾತ್ರ ಹಳೆಯ ಗಾದೆಗಳನ್ನೆಲ್ಲ ಮುರಿದಿದೆ. 2011ರಲ್ಲಿ ನಿಂಟೆಂಡೊ 3ಡಿಎಸ್ 249.99 ಡಾಲರಿಗೆ ಬಂತು. ಮಾರಾಟ ಕುಂಟಿತೆಂದು ಐದೇ ತಿಂಗಳಲ್ಲಿ, ಆಗಸ್ಟ್ 12ಕ್ಕೆ, 169.99ಕ್ಕೆ ಇಳಿಯಿತು. ಮೊದಲೇ ಕೊಂಡು ಹಲ್ಲು ಕಡಿದವರ ಸಮಾಧಾನಕ್ಕೆ ಇಪ್ಪತ್ತು ಹಳೆಯ ಗೇಮ್‌ಗಳನ್ನು ಪುಕ್ಕಟೆ ಕೊಟ್ಟರು. ಅದನ್ನು ನೋಡಿದ ನಮ್ಮ ಪೀಳಿಗೆ ‘ಕಾದರೆ ಇಳಿಯುತ್ತದೆ’ ಎಂದು ನಂಬಿ ಬೆಳೆಯಿತು. ಈಗ ನೋಡಿ: ಹೊಸ ಸ್ವಿಚ್ 2 ಅಂಗಡಿಗೆ ಬಂದ ಮೇಲೆ, 2025ರ ಆಗಸ್ಟ್ 3ರಂದು, ಹಳೆಯ ಸ್ವಿಚ್‌ನ ಬೆಲೆ ಅಮೆರಿಕದಲ್ಲಿ ಏರಿತು. ಓಎಲ್‌ಇಡಿ ಮಾದರಿ 349.99ರಿಂದ 399.99ಕ್ಕೆ, ಲೈಟ್ 199.99ರಿಂದ 229.99ಕ್ಕೆ. ಎಂಟು ವರ್ಷ ಹಳೆಯ ಯಂತ್ರದ ಕುಟುಂಬ ತುಟ್ಟಿಯಾಗುವುದನ್ನು ನಾನು ಕಂಡದ್ದು ಇದೇ ಮೊದಲು. ಸ್ವಿಚ್ 2ರ ಮುಂಗಡ ಕಾಯ್ದಿರಿಸುವಿಕೆಯನ್ನೂ ಅಮೆರಿಕದ ಆಮದು ಸುಂಕದ ಗೊಂದಲದಲ್ಲಿ ಏಪ್ರಿಲ್ 9ರಿಂದ 24ಕ್ಕೆ ಮುಂದೂಡಿದ್ದರು, ಆಗ ಕನ್ಸೋಲ್ 449.99ರಲ್ಲೇ ಉಳಿಯಿತು, ಜೊತೆಗಿನ ಬಿಡಿ ಸಾಮಾನುಗಳು ಏರಿದವು. ಹೀಗಾಗಿ ಯಂತ್ರ ಬೇಕೇಬೇಕು ಎಂದಿದ್ದರೆ ಇಳಿಕೆಗೆ ಕಾಯುವ ಸಾಲನ್ನು ನನ್ನ ನೋಟ್‌ಬುಕ್ಕಿನಿಂದ ತೆಗೆದುಹಾಕಿದ್ದೇನೆ.

ಐದನೆಯದು: ಡಾಲರಿನಿಂದ ನಮ್ಮ ಜೇಬಿಗೆ

ನಿಂಟೆಂಡೊಗೆ ಭಾರತದಲ್ಲಿ ಸ್ವಂತ ಆನ್‌ಲೈನ್ ಮಳಿಗೆ ಇಲ್ಲ. ಬೆಂಗಳೂರಿನ ಗಾಂಧಿನಗರದ ನ್ಯಾಷನಲ್ ಮಾರ್ಕೆಟ್ಟಿನಂಥ ಕಡೆ ಸಿಗುವುದು ಹೊರಗಿನಿಂದ ತರಿಸಿದ ಸರಕು, ವಾರಂಟಿ ಅಂಗಡಿಯವರ ಬಾಯಿಮಾತು. ಬೆಲೆ ನ್ಯಾಯವೇ ಎಂದು ತಿಳಿಯಲು ಚೌಕಾಸಿಗೆ ಮುಂಚೆ ಲೆಕ್ಕ ಹಾಕಿಕೊಂಡು ಹೋಗಿ. ಡಾಲರಿಗೆ 90 ರೂಪಾಯಿ ಎಂದು ಹಿಡಿದರೆ 449.99ಕ್ಕೆ ಬಂದ ಕನ್ಸೋಲ್ ಸುಮಾರು 40,500, 79.99ರ ಗೇಮ್ 7,200. ಅಮೆರಿಕದ ಬೆಲೆಯಲ್ಲಿ ಮಾರಾಟ ತೆರಿಗೆ ಸೇರಿರುವುದಿಲ್ಲ. ಆರೆಗಾನ್‌ನಲ್ಲಿ ಆ ತೆರಿಗೆಯೇ ಇಲ್ಲ, ಬಹುತೇಕ ರಾಜ್ಯಗಳಲ್ಲಿ ಇದೆ. ಇಲ್ಲಿನ ಸುಂಕ, ತಂದವರ ಲಾಭ ಸೇರಿದ ಮೇಲೆ ಅಂಗಡಿಯ ಬೆಲೆ ನಿಮ್ಮ ಅಂಕಿಗಿಂತ ಎಷ್ಟು ಮೇಲಿದೆ ಎಂಬುದೇ ಚೌಕಾಸಿಯ ಜಾಗ.

ಜಪಾನಿನಿಂದ ಬರುವ ಸೋದರಮಾವನಿಗೆ ಹೇಳಿ ತರಿಸುವ ಆಸೆ ಎಲ್ಲರಿಗೂ ಇರುತ್ತದೆ, ಯಾಕೆಂದರೆ ಅಲ್ಲಿ ಸ್ವಿಚ್ 2 ಬಂದದ್ದು 49,980 ಯೆನ್‌ಗೆ, ಅಂದರೆ ಮೂವತ್ತು ಸಾವಿರ ರೂಪಾಯಿಯ ಆಸುಪಾಸು. ಇಲ್ಲೊಂದು ಕೊಕ್ಕೆ ಇದೆ. ಆ ಅಗ್ಗದ ಮಾದರಿಯಲ್ಲಿ ಇರುವ ಭಾಷೆ ಜಪಾನಿ ಒಂದೇ, ಜಪಾನಿನ ಖಾತೆಯನ್ನಷ್ಟೇ ಒಪ್ಪುತ್ತದೆ. ಹಲವು ಭಾಷೆಗಳಿರುವ ಮಾದರಿಗೆ ಬಿಡುಗಡೆಯ ಹೊತ್ತಿನಲ್ಲಿ ಅಲ್ಲಿಯೂ 69,980 ಯೆನ್ ಇತ್ತು. ಮಾವನಿಗೆ ಪೆಟ್ಟಿಗೆಯ ಫೋಟೊ ಕಳುಹಿಸಲು ಹೇಳಿ, ನಂತರ ಹೂಂ ಅನ್ನಿ.

ಗೇಮ್‌ಗಳಿಗೆ ದೇಶದ ಬೇಲಿಯಿಲ್ಲ, ದುಬೈನ ಕಾರ್ಟ್ರಿಡ್ಜ್ ಇಲ್ಲಿಯೂ ಓಡುತ್ತದೆ. ಆದರೆ ಡಿಜಿಟಲ್ ಆಗಿ ಕೊಳ್ಳುವುದಾದರೆ ಅಮೆರಿಕದ ಖಾತೆಗೆ ಹಾಕುವ ಗಿಫ್ಟ್ ಕಾರ್ಡೂ ಅಮೆರಿಕದ್ದೇ ಆಗಿರಬೇಕು. ಸ್ವಿಚ್ 2ರ ಕೆಲವು ಪೆಟ್ಟಿಗೆಗಳ ಮುಂಭಾಗದ ಕೆಳಗೆ ‘ಗೇಮ್-ಕೀ ಕಾರ್ಡ್’ ಎಂದು ಅಚ್ಚಾಗಿರುತ್ತದೆ. ಅದರೊಳಗೆ ಗೇಮ್ ಇರುವುದಿಲ್ಲ, ಬೀಗದ ಕೈ ಮಾತ್ರ. ಪೂರ್ತಿ ಆಟವನ್ನು ಮನೆಯ ಇಂಟರ್‌ನೆಟ್‌ನಿಂದ ಇಳಿಸಿಕೊಳ್ಳಬೇಕು, ಆಡುವಾಗ ಕಾರ್ಡೂ ಒಳಗಿರಬೇಕು. ಕಾರ್ಡನ್ನು ಮುಂದೆ ಮಾರಬಹುದು ಎಂಬುದಷ್ಟೇ ಸಮಾಧಾನ. ಕನ್ಸೋಲಿನ 256 ಜಿಬಿ ತುಂಬಿದರೆ ಬೇಕಾಗುವುದು ಮೈಕ್ರೊ ಎಸ್‌ಡಿ ಎಕ್ಸ್‌ಪ್ರೆಸ್ ಎಂಬ ಹೊಸ ಬಗೆಯ ಮೆಮೊರಿ ಕಾರ್ಡ್; ಹಳೆಯ ಮೊಬೈಲಿನ ಕಾರ್ಡಿನಲ್ಲಿ ಸ್ವಿಚ್ 2ರ ಗೇಮ್ ಇಡಲಾಗದು. ಆ ಖರ್ಚನ್ನೂ ಬೆಲೆಯ ಸಾಲಿನಲ್ಲೇ ಬರೆದಿಡಿ.

ಕೊನೆಯದು: ಪೆನ್ನು ತೆಗೆಯುವ ಹೊತ್ತು

ನನ್ನ ನಿಯಮ ಇಷ್ಟು. ತಯಾರಕರೇ ಹೇಳಿದ ದಿನಾಂಕ, ಅವರದೇ ಮಳಿಗೆಯಲ್ಲಿ ಬೆಲೆ, ಮುಗಿದ ವಯೋಮಿತಿ ಪರಿಶೀಲನೆ. ಮೂರೂ ಸೇರಿದರೆ ಪೆನ್ನು. ಆಗಲೂ ಒಮ್ಮೊಮ್ಮೆ ಕೈಕೊಡುತ್ತದೆ. 2020ರಲ್ಲಿ ‘ಸೈಬರ್‌ಪಂಕ್ 2077’ ಡಿಸ್ಕ್ ಮುದ್ರಣಕ್ಕೆ ಸಿದ್ಧ ಎಂದು ಘೋಷಿಸಿದ ಮೇಲೂ ಮೂರು ವಾರ ಮುಂದೆ ಹೋಯಿತು. ಕಾರ್ಟ್ರಿಡ್ಜ್ ಕಡಿಮೆ ಬರುವ ಗೇಮ್ ಅಥವಾ ಯಂತ್ರದ ಮೊದಲ ಕಂತು ಹೊರತು ಬೇರೆ ಯಾವುದಕ್ಕೂ ಮುಂಗಡ ಕೊಡಬೇಡಿ. ಡಿಜಿಟಲ್ ಗೇಮ್ ಸ್ಟಾಕ್ ಖಾಲಿಯಾಗುವುದಿಲ್ಲ. ಬಿಡುಗಡೆಯ ಗಂಟೆಯನ್ನು ನಮ್ಮ ಸಮಯಕ್ಕೆ ಬದಲಿಸಿ ಬರೆದಿಡಿ. ಸಿಲ್ಕ್‌ಸಾಂಗ್ ನಮಗೆ ತೆರೆದದ್ದು ಸಂಜೆ ಏಳೂವರೆಗೆ, ಆ ಹೊತ್ತಿಗೆ ಜನ ಮುಗಿಬಿದ್ದು ಮಳಿಗೆಗಳೇ ನೆಲಕಚ್ಚಿದ್ದವು. ಊಟ ಮುಗಿಸಿ ಕುಳಿತವರು ನೆಮ್ಮದಿಯಾಗಿ ಕೊಂಡರು.

ಮೊನ್ನೆ ನೋಟ್‌ಬುಕ್ ತೆರೆದರೆ ನಾನು ಪೆನ್ಸಿಲಿನಲ್ಲಿ ಬರೆದಿದ್ದ ಒಂದು ಸಾಲಿನ ಮೇಲೆ ಮಗಳು ನೀಲಿ ಪೆನ್ನಿನಲ್ಲಿ ‘ದಸರಾ ರಜೆ’ ಎಂದು ದಪ್ಪಗೆ ಬರೆದಿದ್ದಾಳೆ. ಆಧಾರ ಕೇಳಿದ್ದಕ್ಕೆ ತರಗತಿಯ ಹುಡುಗನೊಬ್ಬನ ಹೆಸರು ಹೇಳಿದಳು. ವೈಟ್ನರ್ ಹಚ್ಚಿದ್ದೇನೆ, ಇನ್ನೂ ಒಣಗಿಲ್ಲ.