ಮುರಕಲ್ಲಿನ ಗೋಡೆಗೆ 55 ಇಂಚಿನ ಟಿವಿ ನಿಲ್ಲಿಸಿದ್ದು – ನನ್ನ ಅನುಭವ

ಮೊದ್ಲೇ ಹೇಳಿಬಿಡ್ತೇನೆ, ಇದು ಕಾಂಕ್ರೀಟ್ ಗೋಡೆಯವರಿಗೆ ಅಲ್ಲ. ನಿಮಗೆ ಬ್ರಾಕೆಟ್ ಬಾಕ್ಸಿನೊಟ್ಟಿಗೆ ಬರುವ ಪ್ಲಗ್ಗು (ಗೋಡೆಯ ತೂತಿಗೆ ಹಾಕುವ ಪ್ಲಾಸ್ಟಿಕ್ ಗೂಟ), ಸ್ಕ್ರೂ ಸಾಕು, ಅರ್ಧ ಗಂಟೆಯ ಕೆಲ್ಸ. ಇದು ನಮ್ಮ ಕಾಸರಗೋಡಿನ ಬದಿಯಡ್ಕ, ನೀರ್ಚಾಲು, ಪೆರ್ಲ ಕಡೆಯ ಮುರಕಲ್ಲಿನ (ಜಂಬಿಟ್ಟಿಗೆ, ಅಂದ್ರೆ ಲ್ಯಾಟರೈಟ್ ಕಲ್ಲಿನ) ಮನೆಗಳ ವಿಷಯ, ಅದ್ರಲ್ಲೂ ನನ್ನ ಹಾಗೆ ಡಿಶ್ಶು, ಇನ್ವರ್ಟರು, ಕ್ಯಾಮರಾ ಅಂತ ಮನೆಮನೆ ತಿರುಗುವವರಿಗೆ. "ಮುರಕಲ್ಲಿಗೆ ದೊಡ್ಡ ಟಿವಿ ನಿಲ್ಲುದಿಲ್ಲ ಮಾರಾಯ, ಸುಮ್ನೆ ಸ್ಟ್ಯಾಂಡಿನ ಮೇಲೆ ಇಡು" ಅಂತ ಹೇಳದವರು ನಮ್ಮ ಊರಲ್ಲಿ ಯಾರೂ ಉಳ್ದಿಲ್ಲ. ಮೇಸ್ತ್ರಿ ಹೇಳಿದ್ರು, ಆಚಾರ್ರು ಹೇಳಿದ್ರು, ನನ್ನ ಭಾವ ಅಂತೂ ಬಂದಾಗೆಲ್ಲ ಹೇಳಿದ್ರು. ಈಗ ನನ್ನ ಮನೆಯಲ್ಲಿ 55 ಇಂಚಿನದ್ದು ಎರಡು ಮಳೆಗಾಲ ಕಳೆದು ನಿಂತಿದೆ, ಒಂದು ಕೂದಲೆಳೆ ಅಲುಗಿಲ್ಲ.

ಮುರಕಲ್ಲು ಗಟ್ಟಿ ಇಲ್ಲ ಅಂತಲ್ಲ. ಬೇಕಲ ಕೋಟೆ ಇದೇ ಕಲ್ಲಿಂದ ಕಟ್ಟಿದ್ದು, ಕಡಲ ಬದಿಯಲ್ಲಿ ಇವತ್ತಿಗೂ ನಿಂತಿದೆ. ಆದ್ರೆ ಆ ಕೋಟೆಗೆ ಯಾರೂ ಪ್ಲಗ್ಗು ಹೊಡ್ದು ಏನೂ ನೇತುಹಾಕ್ಲಿಲ್ಲ. ಈ ಕಲ್ಲು ಮೇಲಿಂದ ಭಾರ ಬಿದ್ರೆ ಹೊರ್ತದೆ, ಒಳಗಿಂದ ಅಗಲಿಸಿದ್ರೆ ಪುಡಿಯಾಗ್ತದೆ. ನಾವು ಬಳಸುವ ಪ್ಲಗ್ಗು, ಫಾಸ್ನರ್ (ಬಿಗಿ ಮಾಡಿದ ಹಾಗೆ ಅಗಲ ಆಗುವ ಕಬ್ಬಿಣದ ಬೋಲ್ಟು) ಎಲ್ಲ ಮಾಡುದು ಅದನ್ನೇ, ಒಳಗೆ ಹೋಗಿ ಅಗಲಿಸುದು. ಇದು ನನ್ನ ತಲೆಗೆ ಹೋಗ್ಲಿಕ್ಕೆ ಹತ್ತಿರ ಹತ್ತಿರ 30 ಸಾವಿರ ರೂಪಾಯಿ ಹೋಯ್ತು.

ಮೊದಲನೆಯದ್ದು 43 ಇಂಚು, ತೂಕ 9 ಕಿಲೋ ಇರಬೇಕು. ನಾಲ್ಕು ನೈಲಾನ್ ಪ್ಲಗ್ಗು, ಡ್ರಿಲ್ ಹ್ಯಾಮರಿಗೆ (ಕುಟ್ಟಿ ಕುಟ್ಟಿ ಕೊರೆಯುದಕ್ಕೆ) ಹಾಕಿ ಕೊರೆದೆ, ಎಲ್ಲರೂ ಮಾಡುದು ಹಾಗೇ ಅಲ್ವಾ. ಸ್ಕ್ರೂ ಬಿಗಿ ಬಂತು, ಕೈಯಲ್ಲಿ ಎಳೆದು ನೋಡಿದೆ, ನಿಂತಿತು. ಮಾರ್ಚಲ್ಲಿ ಹಾಕಿದ್ದು ಜೂನಲ್ಲಿ, ಮಳೆ ಹಿಡಿದು ವಾರ ಆಗಿರಬೇಕು, ರಾತ್ರಿ ಎರಡು ಗಂಟೆಗೆ ಅಡಿಕೆ ಮರ ಬಿದ್ದ ಹಾಗೆ ಶಬ್ದ. ಅಮ್ಮ ಕಳ್ಳ ಬಂದ ಅಂತ ಎದ್ರು. ನೋಡಿದ್ರೆ ಟಿವಿ ನೆಲಕ್ಕೆ ಮುಖ ಅಡಿ ಹಾಕಿ ಮಲಗಿದೆ, ಬ್ರಾಕೆಟ್ಟೂ ಅದರೊಟ್ಟಿಗೇ ಬಂದಿದೆ. ನಾಲ್ಕೂ ಪ್ಲಗ್ಗು ಸ್ಕ್ರೂವಿನಲ್ಲೇ ಉಂಟು, ಅದರ ಮೈಗೆಲ್ಲ ಕೆಂಪು ಪುಡಿ. ಪ್ಲಗ್ಗು ಒಂದೂವರೆ ಇಂಚು, ಅದರಲ್ಲಿ ಮುಕ್ಕಾಲು ಇಂಚು ಸಾರಣೆಯೊಳಗೇ (ಪ್ಲಾಸ್ಟರಿನೊಳಗೇ) ಮುಗ್ದಿತ್ತು, ಕಲ್ಲಿಗೆ ಹೋದದ್ದು ಬಾಕಿ ಮುಕ್ಕಾಲು ಇಂಚು, ಆ ಕಲ್ಲೂ ಮಳೆಗೆ ನೀರು ಕುಡಿದು ಮೆತ್ತಗೆ. ಪ್ಯಾನೆಲ್ ಬದಲಿಸ್ಲಿಕ್ಕೆ 18 ಸಾವಿರ ಹೇಳಿದ್ರು, ಹೊಸ ಟಿವಿಯೇ 24 ಸಾವಿರ. ಬಿದ್ದದ್ದಕ್ಕೆ ವಾರಂಟಿ ಇಲ್ಲ, ಅದು ಗೊತ್ತಿದ್ದದ್ದೇ.

ಆಮೇಲೆ ಫಾಸ್ನರ್. ಹೊಸ ಟಿವಿ ತರುವ ಮೊದ್ಲು ಬ್ರಾಕೆಟ್ ಮಾತ್ರ ಹಾಕಿ ನೋಡುವ ಅಂತ 10 ಎಂಎಂದು ನಾಲ್ಕು ತಂದೆ. ಸ್ಪ್ಯಾನರಲ್ಲಿ ತಿರುಗಿಸ್ತಾ ಹೋದ ಹಾಗೆ ಬಿಗಿ ಆಗ್ತಾ ಬಂತು, ಇನ್ನೊಂದು ಸುತ್ತು ಅಂತ ತಿರುಗಿಸಿದ್ದೇ ಬೊಂಡದ ಗಾತ್ರದ ಒಂದು ಚೂರು ಸಾರಣೆ ಸಮೇತ ಕೈಗೆ ಬಂತು. ಆ ಗುಂಡಿ ಮುಚ್ಲಿಕ್ಕೆ ಮೇಸ್ತ್ರಿಗೆ 600 ಕೊಟ್ಟೆ, ಅವರು ಮುಚ್ಚುವಷ್ಟು ಹೊತ್ತೂ ನಗ್ತಾ ಇದ್ರು.

ಹಳೆ ಕಾಲದವರ ಹಾಗೆ ಮರದ ಗೂಟವೂ ಹೊಡ್ದು ನೋಡಿದೆ. ಒಂದಿಂಚಿನ ತೂತು, ಅದಕ್ಕೆ ಹಲಸಿನ ಗೂಟ, ಗೂಟಕ್ಕೆ ಸ್ಕ್ರೂ. ಇದು ನಿಜಕ್ಕೂ ಚೆನ್ನಾಗಿ ನಿಂತಿತ್ತು, ಬೇಸಗೆಯಲ್ಲಿ ಸ್ವಲ್ಪ ಒಣಗಿ ಸಡಿಲ ಆಯ್ತು ಅಂತ ಬಿಚ್ಚಿ ನೋಡಿದ್ರೆ ಒಂದು ಗೂಟದೊಳಗೆ ಒರಲೆ (ಗೆದ್ದಲು). ಗೋಡೆಯೊಳಗಿನ ಮಣ್ಣಿನ ಸಂದಿಯಲ್ಲೇ ದಾರಿ ಮಾಡ್ಕೊಂಡು ಬಂದಿತ್ತು. ಟಿವಿ ನೋಡ್ಲಿಕ್ಕೆ ಬಂದದ್ದಿರಬೇಕು ಅಂದ್ರು ಭಾವ.

ಕೊನೆಗೆ ಹಿಡ್ದದ್ದು ಕೆಮಿಕಲ್. ಮಂಗಳೂರಲ್ಲಿ ಒಂದು ಕಡೆ ಹೊರಗಿನ ಎಸಿ ಯೂನಿಟ್ಟಿಗೆ ಹಾಕುದು ನೋಡಿದ್ದೆ. ಎರಡು ಬಗೆಯ ಅಂಟು ಒಂದೇ ಟ್ಯೂಬಲ್ಲಿರ್ತದೆ, ನಳಿಗೆಯಲ್ಲಿ ಕಲಸಿ ಹೊರಗೆ ಬರ್ತದೆ, ತೂತಿಗೆ ತುಂಬಿಸಿ ಥ್ರೆಡ್ ಇರುವ ಕಬ್ಬಿಣದ ರಾಡ್ ತೂರಿಸಿದ್ರೆ ಗಟ್ಟಿಯಾಗ್ತದೆ. ಅಗಲಿಸುದಿಲ್ಲ, ಅಂಟಿಕೊಳ್ತದೆ, ಮುರಕಲ್ಲಿಗೆ ಬೇಕಾದ್ದು ಇದೇ. ಕಾಸರಗೋಡಲ್ಲಿ ಎರಡು ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳಿದ್ರೆ "ಅದೊನ್ನುಂ ಇವಿಡೆ ಕಿಟ್ಟೂಲ" (ಅದೆಲ್ಲ ಇಲ್ಲಿ ಸಿಗುದಿಲ್ಲ) ಅಂದ್ರು, ಮಂಗಳೂರಿಂದಲೇ ತಂದದ್ದು, 300 ಎಂಎಲ್ ಟ್ಯೂಬಿಗೆ 850ರ ಹತ್ತಿರ.

ಮೊದಲ ಟ್ಯೂಬು ಪೂರ್ತಿ ಹಾಳು. ಒಂದು, ತೂತಿನ ಪುಡಿ ತೆಗೀಲಿಲ್ಲ, ಬಾಯಲ್ಲಿ ಎರಡು ಸಲ ಊದಿದ್ದು ಅಷ್ಟೆ. ಮರುದಿನ ರಾಡ್ ಹಿಡಿದು ಎಳೆದ್ರೆ ಐಸ್‌ಕ್ಯಾಂಡಿ ಅಚ್ಚಿಂದ ಬಂದ ಹಾಗೆ ನಯವಾಗಿ ಬಂತು, ಅಂಟು ಪುಡಿಗೆ ಹಿಡಿದಿದೆ, ಕಲ್ಲಿಗಲ್ಲ. ಎರಡು, ಮುರಕಲ್ಲಿನೊಳಗೆ ಬಿಲಗಳು ಉಂಟಲ್ಲ, ಕತ್ತಿಯಲ್ಲಿ ಕಡಿದ್ರೆ ಕಾಣ್ತದೆ, ಹಳದಿ ಜೇಡಿ ತುಂಬಿದ ತೂತುಗಳು. ಒಂದು ತೂತು ಅರ್ಧ ಟ್ಯೂಬು ಕುಡೀತು ಮಾರಾಯ್ರೆ, ಒತ್ತಿದಷ್ಟೂ ಹೋಗ್ತಾ ಉಂಟು, ತುಂಬುದೇ ಇಲ್ಲ. ಇನ್ನರ್ಧ ನಾನು ಊಟಕ್ಕೆ ಹೋಗಿ ಬರುವಷ್ಟರಲ್ಲಿ ನಳಿಗೆಯಲ್ಲೇ ಕಲ್ಲಾಯ್ತು, ಬೇರೆ ನಳಿಗೆ ಇದ್ದಿದ್ರೆ ಬದಲಿಸಬಹುದಿತ್ತು.

ಆಗ ಗೋಡೆ ಬಿಟ್ಟು ಅಂಗಳಕ್ಕೆ ಇಳಿದೆ. ಪಕ್ಕದಲ್ಲಿ ಬಾವಿಕಟ್ಟೆ ಕಟ್ಲಿಕ್ಕೆ ತಂದ ಕಲ್ಲು ಮಿಕ್ಕಿತ್ತು, ಆರು ತಗೊಂಡೆ, ಒಂದಕ್ಕೆ 45ರ ಹಾಗೆ ಕೊಟ್ಟೆ. ಬೇರೆ ಬೇರೆ ಬಿಟ್ಟಲ್ಲಿ ಕೊರೆದು ನೋಡಿದೆ. ಹ್ಯಾಮರ್ ಹಾಕಿದ್ರೆ 10 ಎಂಎಂ ಬಿಟ್ಟಿಗೆ ತೂತಿನ ಬಾಯಿ 13, 14 ಆಗ್ತದೆ, ಹ್ಯಾಮರ್ ತೆಗೆದು ಬರೇ ತಿರುಗಿಸಿದ್ರೆ ಸರಿಯಾಗಿ ಬರ್ತದೆ, ನಿಧಾನ ಅಷ್ಟೆ. ಒಂದು ಕಲ್ಲಿಗೆ ರಾಡ್ ಅಂಟಿಸಿ ಸರಪಳಿ ಕಟ್ಟಿ ಮಾವಿನ ಕೊಂಬೆಗೆ ನೇತುಹಾಕಿ ಕಲ್ಲಿನ ಮೇಲೆ ನಾನೇ ಹತ್ತಿ ನಿಂತೆ, 78 ಕಿಲೋ ಇದ್ದೇನೆ. ಭಾವನನ್ನು ಕರೆದು ತೋರಿಸಿದೆ. ಅವರು ಒಂದು ನಿಮಿಷ ನೋಡಿ, "ನೀನು ಸರಪಳಿ ಹಿಡ್ಕೊಂಡು ನಿಂತಿದ್ದಿಯಲ್ಲ, ನಿನ್ನ ಭಾರ ರಾಡಿಗೆ ಎಲ್ಲಿ ಬಿತ್ತು?" ಅಂದ್ರು. ಹೌದಲ್ಲ! ಇಳಿದು ಕಲ್ಲಿಗೆ ಹಗ್ಗ ಸುತ್ತಿ ಎರಡು ಚೀಲ ಹೊಯ್ಗೆ (ಮರಳು) ಕಟ್ಟಿ ಎರಡು ದಿನ ಬಿಟ್ಟೆ. ರಾಡ್ ಬರ್ಲಿಲ್ಲ, ಮೂರನೇ ದಿನ ಮಾವಿನ ಕೊಂಬೆ ಬಿರಿದದ್ದು ಬೇರೆ ವಿಷಯ.

ಗೋಡೆಗೆ ಮಾಡಿದ್ದು ಜನವರಿಯಲ್ಲಿ, ಗೋಡೆ ಒಣಗಿದ ಮೇಲೆ. ಕಲ್ಲು ಎಲ್ಲಿ ಸಂದಿ ಎಲ್ಲಿ ಅಂತ ಸಾರಣೆ ಮೇಲಿಂದ ಗೊತ್ತಾಗುದಿಲ್ಲ, ಅದಕ್ಕೆ ನಾನು ಹಿಂದಿನ ಜುಲೈಯಲ್ಲೇ ಮೊಬೈಲಲ್ಲಿ ಫೋಟೋ ತೆಗೆದಿಟ್ಟಿದ್ದೆ. ಜೋರು ಮಳೆಗಾಲದಲ್ಲಿ ನಮ್ಮ ಹೊರಗೋಡೆಯ ಒಳಮೈಯಲ್ಲಿ ಕಲ್ಲಿನ ಸಾಲು ಬಣ್ಣದ ಮೇಲೆ ತೆಳುವಾಗಿ ಮೂಡ್ತದೆ, ಸಂದಿ ಒಂದು ಬಣ್ಣ, ಕಲ್ಲು ಒಂದು ಬಣ್ಣ, ಗಮನಿಸಿದ್ದೀರಾ? ಆ ಫೋಟೋ ನೋಡಿ ಟೇಪು ಹಿಡಿದು ಕಲ್ಲಿನ ನಡುವಿಗೇ ಗುರುತು ಹಾಕಿದೆ. ಸಂದಿಗೆ ಕೊರೆದ್ರೆ ನಮ್ಮಂಥ ಹಳೆ ಮನೆಯಲ್ಲಿ ಬರೇ ಮಣ್ಣು. ಸ್ವಿಚ್ ಬೋರ್ಡಿನ ನೇರ ಮೇಲೆ ಕೆಳಗೆ ಕೈ ಹಾಕ್ಲಿಲ್ಲ, ಅದು ನಿಮಗೆ ಹೇಳಬೇಕಾಗಿಲ್ಲ.

ಆರು ತೂತು, 16 ಎಂಎಂ, ಐದು ಇಂಚಿಗಿಂತ ಸ್ವಲ್ಪ ಹೆಚ್ಚು ಆಳ. ಸೈಕಲ್ ಪಂಪಿನ ಪೈಪಿಗೆ ಹಳೆ ಪೆನ್ನಿನ ಕೊಳವೆ ಸಿಕ್ಕಿಸಿ ತೂತಿನ ತಳದವರೆಗೆ ಹಾಕಿ ಊದಿದೆ, ಬಾಟ್ಲಿ ತೊಳೆಯುವ ಬ್ರಷ್ ಹಾಕಿ ತಿರುಗಿಸಿದೆ, ಪುನಃ ಊದಿದೆ, ಪುನಃ ಬ್ರಷ್ಷು, ಕೆಂಪು ಹೊಗೆ ಬರುದು ನಿಲ್ಲುವವರೆಗೆ. ಒಂದೊಂದಕ್ಕೆ ಹತ್ತು ನಿಮಿಷ ಹೋಯ್ತು, ಮನೆಯವಳು ಮೂರು ದಿನ ಗುಡಿಸಿದ್ಲು. ಆಮೇಲೆ ಪ್ಲಾಸ್ಟಿಕಿನ ಜಾಲರಿ ಸ್ಲೀವ್, ತೂತಿನೊಳಗೆ ಹಾಕುದು, ಅಂಟು ಬಿಲಕ್ಕೆ ಓಡಿಹೋಗದೆ ಜಾಲರಿಯಿಂದ ಬೇಕಾದಷ್ಟೇ ಹೊರಗೆ ಬಂದು ಕಲ್ಲಿಗೆ ಹಿಡೀತದೆ. ಒಂದಕ್ಕೆ 20 ರೂಪಾಯಿ ಒಳಗೆ, ಇದೊಂದು ಮೊದ್ಲೇ ಗೊತ್ತಿದ್ದಿದ್ರೆ ಒಂದು ಟ್ಯೂಬು ಉಳೀತಿತ್ತು. ನಳಿಗೆಯಿಂದ ಮೊದ್ಲು ಬರುವ ಅಂಟು ಬಣ್ಣ ಒಂದೇ ಆಗುವವರೆಗೆ ಪೇಪರಿಗೆ ಚೆಲ್ಲಿ, ತಳದಿಂದ ತುಂಬಿಸ್ತಾ ಬಂದು, ಎಂ10 (10 ಎಂಎಂ ದಪ್ಪದ) ರಾಡ್ ತಿರುಗಿಸ್ತಾ ಒತ್ತಿದೆ. ಗಟ್ಟಿಯಾಗ್ಲಿಕ್ಕೆ ಮುಕ್ಕಾಲು ಗಂಟೆ ಅಂತ ಟ್ಯೂಬಲ್ಲಿ ಬರ್ದಿತ್ತು, ನಾನು ಒಂದು ದಿನ ಮುಟ್ಲಿಲ್ಲ. ಕೊರೆಯುವ ಮೊದ್ಲು ಬಿಟ್ಟಿನ ತುದಿಗೆ ನಾನೊಂದು ಕೆಲ್ಸ ಮಾಡ್ತೇನೆ, ಅದನ್ನು ಇಲ್ಲಿ ಬರೆಯುದಿಲ್ಲ, ಅದು ನನ್ನ ಹೊಟ್ಟೆಪಾಡು.

ಬ್ರಾಕೆಟ್ಟನ್ನು ನೇರ ರಾಡಿಗೆ ಕೊಡ್ಲಿಲ್ಲ. 19 ಎಂಎಂ ವಾಟರ್‌ಪ್ರೂಫ್ ಪ್ಲೈವುಡ್, ಮೂರಡಿಗೆ ಎರಡಡಿ, ಆರು ರಾಡಿಗೂ ಕೂತಿದೆ, ಭಾರ ನಾಲ್ಕೈದು ಕಲ್ಲಿಗೆ ಹಂಚಿ ಹೋಗ್ತದೆ. ಗೋಡೆಗೂ ಹಲಗೆಗೂ ನಡುವೆ ವಾಷರ್ ಕೊಟ್ಟು ಅರ್ಧ ಇಂಚು ಗಾಳಿ ಬಿಟ್ಟಿದ್ದೇನೆ, ಆಟಿ ತಿಂಗಳ ಮಳೆಯಲ್ಲಿ ಗೋಡೆ ಬೆವರ್ತದೆ. ಹಲಗೆ ಹಿಂದೆ ಟೀ ನಟ್ (ಮರಕ್ಕೆ ಕಚ್ಚಿ ಕೂರುವ ನಟ್) ಕೂರಿಸಿ ಮುಂದಿನಿಂದ ಬೋಲ್ಟು ಹಾಕಿ ಬ್ರಾಕೆಟ್ ಬಿಗಿ ಮಾಡಿದ್ದು. 55 ಇಂಚಿನ ಹಿಂದೆ ಹಲಗೆ ಕಾಣುದೇ ಇಲ್ಲ.

ಒಂದು ಜಗಳ ಆದದ್ದು ತಿರುಗುವ ಕೈ ಇರುವ ಬ್ರಾಕೆಟ್ ಬೇಕು ಅಂತ ಮಗಳು ಹಟ ಹಿಡಿದಾಗ. ಲೆಕ್ಕ ಹಾಕಿ ತೋರಿಸಿದೆ. ಟಿವಿ 18 ಕಿಲೋ, ಬ್ರಾಕೆಟ್ಟಿನ ಮೇಲಿನ ಬೋಲ್ಟಿಗೂ ಕೆಳಗಿನದ್ದಕ್ಕೂ 18 ಸೆಂಟಿಮೀಟರ್ ಅಂತರ. ಗೋಡೆಗೆ ಒತ್ತಿ ಕೂತ್ರೆ ಮೇಲಿನ ಬೋಲ್ಟುಗಳನ್ನು ಹೊರಗೆ ಎಳೆಯುದು ಎಲ್ಲ ಸೇರಿ 6 ಕಿಲೋ ಮಾತ್ರ, ಕೈ 45 ಸೆಂಟಿಮೀಟರ್ ಹೊರಗೆ ಬಂದ್ರೆ ಅದೇ ಟಿವಿ 45 ಕಿಲೋದಷ್ಟು ಎಳೀತದೆ. ಜನ ಟಿವಿಯ ತೂಕ ಕೇಳ್ತಾರೆ, ಎಷ್ಟು ಹೊರಗೆ ನಿಂತಿದೆ ಅಂತ ಕೇಳುದಿಲ್ಲ. ಒತ್ತಿ ಕೂರುವದ್ದೇ ಹಾಕಿದೆ.

ಟಿವಿ ಹಾಕುವ ಮೊದ್ಲು ಆ ಬ್ರಾಕೆಟ್ಟಿಗೆ 50 ಕಿಲೋದ ಅಕ್ಕಿ ಗೋಣಿ ವಾರ ಪೂರ್ತಿ ನೇತುಹಾಕಿದ್ದೆ. ಅಮ್ಮ ಅಕ್ಕಿ ಬೇಕಾದಾಗೆಲ್ಲ ಹಾಲಿಗೆ ಬಂದು ಬೈದು ತಗೊಂಡು ಹೋಗ್ತಾ ಇದ್ರು, ಹಾಗಾಗಿ ಕೊನೆಗೆ 45 ಅಂತ ಇಟ್ಕೊಳ್ಳಿ.

ಎಲ್ಲ ಸೇರಿ ಈ ಸಲದ ಖರ್ಚು 2,400ರ ಆಸುಪಾಸು: ಟ್ಯೂಬು, ಸ್ಲೀವು, ಮೀಟರ್ ರಾಡ್ ಒಂದು, ಪ್ಲೈವುಡ್ ತುಂಡು. ಟ್ಯೂಬು ಒತ್ತುವ ಗನ್ನು ನನ್ನ ಹತ್ತಿರ ಇದ್ದ ಸಿಲಿಕಾನಿಂದೇ ಆಯ್ತು. ಬೇರೆಯವರ ಮನೆಯಲ್ಲಿ ಇದೇ ಕೆಲ್ಸಕ್ಕೆ ಈಗ 4,500 ತಗೊಳ್ತೇನೆ, ಹನ್ನೊಂದೋ ಹನ್ನೆರಡೋ ಮನೆ ಆಯ್ತು. ಸಿಡಿಲಿನ ಕಾಲದಲ್ಲಿ ಟಿವಿಯ ಕರೆಂಟಿನ ಪ್ಲಗ್ ಕೀಳ್ಲಿಕ್ಕೆ ಮಾತ್ರ ಎಲ್ಲರಿಗೂ ಹೇಳಿ ಬರ್ತೇನೆ, ಗೋಡೆಯಿಂದ ಬಿದ್ದದ್ದಕ್ಕಿಂತ ಸಿಡಿಲಿಗೆ ಹೋದ ಟಿವಿ ಹೆಚ್ಚು ನೋಡಿದ್ದೇನೆ.

ಮೊನ್ನೆ ಭಾವನೇ ಫೋನ್ ಮಾಡಿದ್ರು, ಅವರಿಗೂ 55ರದ್ದು ಬೇಕಂತೆ, ಆದಿತ್ಯವಾರ ಬಾ ಅಂದ್ರು. ಹೋಗಿ ಗೋಡೆಗೆ ಬಿಟ್ ಇಟ್ಟು ನೋಡಿದ್ರೆ ಮುರಕಲ್ಲೂ ಅಲ್ಲ, ಅಜ್ಜನ ಕಾಲದ ಮಣ್ಣಿನ ಗೋಡೆ, ಬೆಣ್ಣೆಗೆ ಕಡ್ಡಿ ಹಾಕಿದ ಹಾಗೆ ಹೋಯ್ತು. ಅದಕ್ಕೆ ಕೆಮಿಕಲ್ ಹಿಡಿಯುದಿಲ್ಲ, ಆಚೆ ಬದಿಗೆ ತೂರಿಸಿ ಕಬ್ಬಿಣದ ಪಟ್ಟಿ ಕೊಟ್ಟು ನಟ್ ಹಾಕ್ಬೇಕು ಅಂದೆ. ಆಚೆ ಬದಿ ದೇವರ ಕೋಣೆ. ಅತ್ತೆ ಇನ್ನೂ ಒಪ್ಪಿಲ್ಲ.