ನಿವೃತ್ತರ ಆಸ್ಪತ್ರೆ ಬಿಲ್ಲು ಯಾವ ವರ್ಷದ ಖರ್ಚು?

ದಾವಣಗೆರೆಯ ಒಂದು ನೂಲಿನ ಮಿಲ್ಲಿನಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ನಿವೃತ್ತರಾದವರ ಆಸ್ಪತ್ರೆ ಬಿಲ್ಲನ್ನು ಕಂಪನಿಯೇ ಕೊಡುವ ರೂಢಿ ನಮ್ಮಲ್ಲಿ ಮೊದಲಿಂದ ಇದೆ. ಬಿಲ್ಲು ಬಂದಾಗ ಖರ್ಚು ಬರೆಯುತ್ತಿದ್ದರು, ಅಷ್ಟೇ. ನಾನು ಬಂದ ಮೇಲೆ ಇದನ್ನು ಬದಲಿಸಿದೆ. ಕಾರ್ಮಿಕ ನೂಲುವ ಯಂತ್ರದ (ರಿಂಗ್ ಫ್ರೇಮ್) ಮುಂದೆ ನಿಂತು ದುಡಿದ ವರ್ಷಗಳಲ್ಲೇ ಆ ಖರ್ಚು ಹುಟ್ಟಿರುತ್ತದೆ, ಅಲ್ವಾ?

ನಿವೃತ್ತರಿಗೆ ಸಿಗುವ ಬೇರೆ ಹಣದ ಲೆಕ್ಕ ಮೊದಲು ನೋಡೋಣ. ಪಿಎಫ್‌ನಲ್ಲಿ ತಲೆನೋವಿಲ್ಲ. ಕಟ್ಟಿದ್ದೇ ಖರ್ಚು. ಗ್ರಾಚ್ಯುಟಿ, ಅಂದರೆ ಸೇವೆ ಮುಗಿದಾಗ ಕೊಡುವ ಇಡುಗಂಟು, ಹಾಗಲ್ಲ. 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1972ರ ಕಾಯ್ದೆ ಪ್ರಕಾರ ಕೊನೆಯ ಬೇಸಿಕ್ ಮತ್ತು ಡಿಎ ಕೂಡಿಸಿ, 26ರಿಂದ ಭಾಗಿಸಿ, 15ರಿಂದಲೂ ಸೇವಾ ವರ್ಷಗಳಿಂದಲೂ ಗುಣಿಸಬೇಕಿತ್ತು. 26 ಸಾವಿರ ಸಂಬಳ, 20 ವರ್ಷ ಸೇವೆ ಅಂದರೆ 3 ಲಕ್ಷ. ಆದರೆ ಅವರು ನಿವೃತ್ತರಾಗುವುದು ಇನ್ನೂ 10 ವರ್ಷಕ್ಕೆ. ಸಂಬಳ ವರ್ಷಕ್ಕೆ ಶೇ. 6 ಏರುತ್ತದೆ ಎಂದು ಹಿಡಿದು, ಶೇ. 7ರ ದರದಲ್ಲಿ ಇವತ್ತಿನ ಬೆಲೆಗೆ ಇಳಿಸಿದರೆ ಸುಮಾರು 2 ಲಕ್ಷ 73 ಸಾವಿರ. ಅದೇ ದರ ಶೇ. 6ಕ್ಕೆ ಇಳಿದರೆ ಪೂರ್ತಿ 3 ಲಕ್ಷ. ಒಬ್ಬರ ಲೆಕ್ಕದಲ್ಲೇ 27 ಸಾವಿರ ವ್ಯತ್ಯಾಸ! ಆ ದರ ಸರ್ಕಾರಿ ಬಾಂಡುಗಳ ಇಳುವರಿಯಿಂದ ಬರುತ್ತದೆ, ನಮ್ಮ ಇಷ್ಟದಂತೆ ಅಲ್ಲ. ಕೆಲಸ ಬಿಡುವವರು, ತೀರಿಕೊಳ್ಳುವವರ ಸಂಭವವನ್ನೂ ಸೇರಿಸಿ ಆಕ್ಚುರಿ, ಅಂದರೆ ಇಂಥ ಮುಂದಿನ ಹೊಣೆಗಳನ್ನು ಅಂದಾಜು ಮಾಡುವ ಗಣಿತ ತಜ್ಞರು, ಲೆಕ್ಕ ಹಾಕುತ್ತಾರೆ.

ಆಕ್ಚುರಿಗೆ ಕೊಡುವ ಪಟ್ಟಿಗೇ ನಾನು ಜಾಸ್ತಿ ಸಮಯ ಕೊಟ್ಟೆ. ಹಳೆಯ ಕಾರ್ಮಿಕರ ಜನ್ಮ ದಿನಾಂಕ ಸಾಲಾಗಿ ಜೂನ್ 1 ಎಂದಿತ್ತು. ಆಧಾರ್‌ನಲ್ಲಿ ಒಂದು, ಪಿಎಫ್ ದಾಖಲೆಯಲ್ಲಿ ಇನ್ನೊಂದು. ಹಾಜರಿ ನೋಡಿಕೊಳ್ಳುವ ಟೈಮ್ ಆಫೀಸಿನವರ ಜೊತೆ ಕೂತು ಒಂದೊಂದನ್ನೂ ತಾಳೆ ನೋಡಿದೆ. ಪಟ್ಟಿ ತಪ್ಪಾದರೆ ವರದಿ ಎಷ್ಟು ಚೆನ್ನಾಗಿದ್ದರೂ ಪ್ರಯೋಜನವಿಲ್ಲ. ಗ್ರಾಚ್ಯುಟಿಗೆ ಬೇಕಾದ ಐದು ವರ್ಷದ ಸೇವೆ ಇನ್ನೂ ತುಂಬದವರನ್ನೂ ಪಟ್ಟಿಯಿಂದ ಬಿಡುವಂತಿಲ್ಲ.

ಆಸ್ಪತ್ರೆ ಬಿಲ್ಲಿನ ವಿಷಯಕ್ಕೆ ಬಂದಾಗ ಮಿಲ್ಲಿನ ಮಾಲೀಕರಾದ ಸಾಹುಕಾರ್ರು ಒಪ್ಪಲಿಲ್ಲ. "ಇದು ನಾವು ಮನಸ್ಸಿನಿಂದ ಕೊಡೋದು, ಸಾಲ ಹೇಗಾಗುತ್ತೆ?" ಎಂದರು. ನಾನು ಹಳೆಯ ವೋಚರುಗಳನ್ನು ಮುಂದಿಟ್ಟೆ. "ಯಜಮಾನರೇ, ಇಷ್ಟು ವರ್ಷ ಕೊಟ್ಟಿದ್ದೀರಿ. ಈಗ ನಿಲ್ಲಿಸುತ್ತೀರಾ?" ಎಂದೆ. "ಛೇ, ಅದು ಹೇಗೆ ಆಗುತ್ತೆ" ಎಂದರು. ನೌಕರರ ಸೌಲಭ್ಯಗಳ ಲೆಕ್ಕ ಹೇಗೆ ಬರೆಯಬೇಕು ಎಂದು ಹೇಳುವ ಲೆಕ್ಕಪತ್ರ ಮಾನದಂಡ ಎಎಸ್ 15 ಕೇಳುವುದೂ ಅದನ್ನೇ. ಬರಹದಲ್ಲಿ ಇರಲಿ, ಬಿಡಲಿ, ಹಿಂದೆ ಸರಿಯಲಾಗದ ರೂಢಿಯಾದರೆ ಅದು ಹೊಣೆಯೇ.

ಇದರ ಲೆಕ್ಕ ಗ್ರಾಚ್ಯುಟಿಗಿಂತ ಕಷ್ಟ. ಹೆಂಡತಿಗೂ ಸೌಲಭ್ಯ ಇದ್ದರೆ ಅವರ ಆಯಸ್ಸೂ ಬೇಕು. ಚಿಕಿತ್ಸೆ ವೆಚ್ಚ ಎಷ್ಟು ಏರುತ್ತದೆ ಎಂಬ ಅಂದಾಜೂ ಬೇಕು. ಮೊತ್ತ ನೋಡಿದ ಮೇಲೆ ಸಾಹುಕಾರ್ರು ವರ್ಷಕ್ಕೆ ಒಬ್ಬರಿಗೆ ಇಷ್ಟು ಎಂದು ಮಿತಿ ಬರೆಸಿದರು. ಕಾರ್ಮಿಕರಿಗೂ ಒಳ್ಳೆಯದೇ ಆಯಿತು, ಸಿಗುವುದು ಎಷ್ಟು ಎಂದು ಈಗ ಬರಹದಲ್ಲಿದೆ. ಹಿಂದಿನ ವರ್ಷಗಳ ಪಾಲನ್ನು ಲಾಭ-ನಷ್ಟ ಪಟ್ಟಿಯಲ್ಲಿ ಬೇರೆಯಾಗಿ ತೋರಿಸಿದೆವು.

ಇನ್ನೆರಡು ಮಾತು. ಎಲ್‌ಐಸಿಯ ಗ್ರಾಚ್ಯುಟಿ ನಿಧಿಗೆ ಕಟ್ಟಿದ ಪ್ರೀಮಿಯಂ ಅನ್ನೇ ವರ್ಷದ ಖರ್ಚು ಎಂದು ಬರೆದುಬಿಡುವವರು ಬಹಳ ಇದ್ದಾರೆ. ಅದು ಸರಿಯಲ್ಲ. ಒಟ್ಟು ಹೊಣೆಯಲ್ಲಿ ನಿಧಿಯ ಮೌಲ್ಯ ಕಳೆದು ಉಳಿದದ್ದು ಪುಸ್ತಕದಲ್ಲಿ ಕಾಣಬೇಕು. ಆಸ್ಪತ್ರೆ ಖರ್ಚಿಗೆಂದು ನಾವು ಬ್ಯಾಂಕಿನಲ್ಲಿ ಇಟ್ಟ ಠೇವಣಿ ಮಾತ್ರ ಹಾಗೆ ಕಳೆಯಲು ಬರುವುದಿಲ್ಲ. ಅದು ಕಂಪನಿಯ ಹೆಸರಲ್ಲೇ ಇದೆ. ನಾಳೆ ಕಂಪನಿಗೆ ಸಾಲ ಕೊಟ್ಟ ಬೇರೆಯವರೂ ಅದಕ್ಕೆ ಕೈ ಹಾಕಬಹುದು. ಹಾಗಾಗಿ ಹೊಣೆ ಒಂದು ಕಡೆ, ಠೇವಣಿ ಇನ್ನೊಂದು ಕಡೆ, ಎರಡನ್ನೂ ಪೂರ್ತಿಯಾಗಿ ತೋರಿಸುತ್ತೇವೆ.