ಇಐಜಿಆರ್‌ಪಿ ರೂಟ್‌ಗಳನ್ನು ಒಎಸ್‌ಪಿಎಫ್‌ಗೆ ಸೇರಿಸಿ, ಸಾರಾಂಶ ಮಾಡುವುದು

ಇಐಜಿಆರ್‌ಪಿ, ಒಎಸ್‌ಪಿಎಫ್ ಎರಡೂ ರೂಟರ್‌ಗಳು ತಮ್ಮೊಳಗೆ ದಾರಿ (ರೂಟ್) ತಿಳಿಸಿಕೊಳ್ಳುವ ಪ್ರೋಟೋಕಾಲ್‌ಗಳು. ಒಂದರ ರೂಟ್‌ಗಳನ್ನು ಇನ್ನೊಂದಕ್ಕೆ ದಾಟಿಸಿ, ಹಲವನ್ನು ಒಂದೇ ಸಾಲಾಗಿ ಸಾರಾಂಶ ಮಾಡುವ ಬಗೆ ಇದು. ಸಿಸ್ಕೋ ರೂಟರ್‌ನಲ್ಲಿ ಇಐಜಿಆರ್‌ಪಿ 100ರ (100 ಅದರ ಗುರುತಿನ ಸಂಖ್ಯೆ) ಕಡೆ 172.16.0.0/24ರಿಂದ 172.16.3.0/24ರವರೆಗೆ ನಾಲ್ಕು ಸಬ್‌ನೆಟ್ ಇವೆ ಎಂದುಕೊಳ್ಳಿ. ಎರಡೂ ಪ್ರೋಟೋಕಾಲ್ ಓಡುತ್ತಿರುವ ಗಡಿ ರೂಟರ್‌ನಲ್ಲಿ ಹೀಗೆ ಕೊಡಿ:

ರೂಟರ್ ಒಎಸ್‌ಪಿಎಫ್ 1
ರೀಡಿಸ್ಟ್ರಿಬ್ಯೂಟ್ ಇಐಜಿಆರ್‌ಪಿ 100 ಸಬ್‌ನೆಟ್ಸ್
ಸಮರಿ-ಅಡ್ರೆಸ್ 172.16.0.0 255.255.252.0

ಹಳೆಯ ಐಒಎಸ್‌ನಲ್ಲಿ (ಸಿಸ್ಕೋ ರೂಟರ್‌ನ ಸಾಫ್ಟ್‌ವೇರ್) ‘ಸಬ್‌ನೆಟ್ಸ್’ ಬಿಟ್ಟರೆ ಕ್ಲಾಸ್‌ಫುಲ್ ರೂಟ್ (ಸಬ್‌ನೆಟ್ ಆಗಿ ಒಡೆಯದ ಇಡೀ ನೆಟ್‌ವರ್ಕ್) ಮಾತ್ರ ದಾಟುತ್ತದೆ, ಈ ನಾಲ್ಕರಲ್ಲಿ ಒಂದೂ ಹೋಗದು. ‘ಏರಿಯಾ ರೇಂಜ್’ ಇಲ್ಲಿ ಕೆಲಸಕ್ಕೆ ಬಾರದು. ಅದು ಒಎಸ್‌ಪಿಎಫ್‌ನೊಳಗಿನ ಏರಿಯಾಗಳ (ವಿಭಾಗಗಳ) ನಡುವಿನ ರೂಟ್‌ಗಳಿಗೆ. ಮಾಸ್ಕ್ ಲೆಕ್ಕ ತಪ್ಪಿ /21 ಹಾಕಿದಿರೋ, 172.16.4.0ರಿಂದ 172.16.7.0ರವರೆಗಿನ ಸಬ್‌ನೆಟ್‌ಗಳ ಟ್ರಾಫಿಕ್ಕೂ ಇತ್ತ ಬಂದೀತು. ಆ ಸಬ್‌ನೆಟ್‌ಗಳಿಗೆ ಇಲ್ಲಿ ದಾರಿ ಇಲ್ಲದಿದ್ದರೆ ನಲ್0ದಲ್ಲಿ (ಟ್ರಾಫಿಕ್ ಎಸೆದುಬಿಡುವ ಹುಸಿ ಇಂಟರ್‌ಫೇಸ್) ಬಿದ್ದು ಮಾಯ.

ತಿರುಗುದಾರಿಗೆ, ಅಂದರೆ ಒಎಸ್‌ಪಿಎಫ್ ರೂಟ್‌ಗಳನ್ನು ಇಐಜಿಆರ್‌ಪಿಗೆ ಸೇರಿಸಲು, ಇಐಜಿಆರ್‌ಪಿ ಕೆಳಗೆ:

ರೀಡಿಸ್ಟ್ರಿಬ್ಯೂಟ್ ಒಎಸ್‌ಪಿಎಫ್ 1 ಮೆಟ್ರಿಕ್ 10000 100 255 1 1500

ಮೆಟ್ರಿಕ್ ಎಂದರೆ ದಾರಿಯ ವೆಚ್ಚ; ಆ ಐದು ಅಂಕಿ ಕ್ರಮವಾಗಿ ಬ್ಯಾಂಡ್‌ವಿಡ್ತ್, ಡಿಲೇ, ರಿಲಯಬಿಲಿಟಿ, ಲೋಡ್, ಎಂಟಿಯು. ಇದನ್ನು ಕೊಡದಿದ್ದರೆ ಎರರ್ ಬರುವುದಿಲ್ಲ, ರೂಟೂ ಹೋಗುವುದಿಲ್ಲ. ಹೆಚ್ಚಿನವರು ತಲೆ ಕೆರೆದುಕೊಳ್ಳುವುದು ಇಲ್ಲೇ.

ಗಡಿ ರೂಟರ್ ಎರಡಿದ್ದರೆ ಟ್ಯಾಗ್ (ರೂಟ್‌ಗೆ ಹಚ್ಚುವ ಗುರುತಿನ ಸಂಖ್ಯೆ) ಬೇಕೇ ಬೇಕು. ಇಐಜಿಆರ್‌ಪಿಯ ಹೊರಗಿನ ರೂಟ್‌ಗೆ ದೂರ 170, ಒಎಸ್‌ಪಿಎಫ್‌ಗೆ 110; ಈ ‘ದೂರ’ ಕಡಿಮೆಯಿದ್ದಷ್ಟೂ ರೂಟರ್‌ಗೆ ನಂಬಿಕೆ ಹೆಚ್ಚು. ಹಾಗಾಗಿ ಎರಡನೇ ರೂಟರ್ ಸುತ್ತುದಾರಿಯನ್ನೇ ನಂಬಿ ಲೂಪ್ ಆಗಬಹುದು. ರೂಟ್-ಮ್ಯಾಪ್‌ನಲ್ಲಿ (ರೂಟ್‌ಗಳನ್ನು ಸೋಸುವ ನಿಯಮಪಟ್ಟಿ) ಹೋಗುವಾಗ ಟ್ಯಾಗ್ ಹಚ್ಚಿ, ಹಿಂತಿರುಗುವಾಗ ಅದೇ ಟ್ಯಾಗನ್ನು ಡಿನೈ ಮಾಡಿ. ಕೊನೆಗೊಂದು ಖಾಲಿ ಪರ್ಮಿಟ್ ಸಾಲು ಮರೆಯಬೇಡಿ.

ನಂತರ ಒಎಸ್‌ಪಿಎಫ್ ಕಡೆಯ ರೂಟರ್‌ನಲ್ಲಿ ‘ಶೋ ಐಪಿ ರೂಟ್’: ‘ಒ ಇ2’ (ಒಎಸ್‌ಪಿಎಫ್‌ಗೆ ಹೊರಗಿನಿಂದ ಬಂದ ರೂಟ್) ಗುರುತಿನ ಒಂದೇ /22 ಸಾಲು, ಮೆಟ್ರಿಕ್ 20 ಕಾಣಬೇಕು.